ರತ್ನಮ್ಮನ ಅಳತೆ ಜಾಕೆಟ್ಟು

ಹೊಲಿಗೆ ಕಲಿಯಲು ಬರುವ ಹುಡುಗಿಯರು ಮೊದಲ ದಿನವೇ ಕತ್ತರಿಗೆ ಕೈ ಹಾಕುತ್ತಾರೆ. ಕತ್ತರಿ ಆಮೇಲೆ, ಮೊದಲು ಕಿವಿ ಕೊಡಿ ಅಂತ ನಾನು ಗದರುತ್ತಿದ್ದೆ. ಈಗ ಕಣ್ಣು ಮಂಜಾಗಿದೆ, ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕರೆಯಬೇಕು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದೇನೆ. ಗದರುವ ಚಾಳಿ ಮಾತ್ರ ಹೋಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಂಗಸರ ಟೈಲರ್ ಆಗಬೇಕೆಂದು ಹೊರಟವರು ಓದಿಕೊಳ್ಳಲಿ. ಕತ್ತರಿಸುವುದು, ಹೊಲಿಯುವುದು ಯಾರು ಬೇಕಾದರೂ ಹೇಳಿಕೊಟ್ಟಾರು. ಗಿರಾಕಿ ತನ್ನ ಮೈ ಬಗ್ಗೆ ಹೇಳುವ ಸುಳ್ಳನ್ನು ಹೇಗೆ ಸಹಿಸಿಕೊಳ್ಳಬೇಕು ಅನ್ನುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ನಾನು ಕೆಲಸ ಕಲಿತದ್ದು ಎಂಬತ್ತರ ದಶಕದ ಶುರುವಿನಲ್ಲಿ, ಚಿಂತಾಮಣಿಯಲ್ಲಿ, ಖಾದರ್ ಸಾಬರ ಅಂಗಡಿಯಲ್ಲಿ. ಬಿಳಿ ಗಡ್ಡ, ಕಿವಿಯ ಮೇಲೆ ಯಾವಾಗಲೂ ಒಂದು ಸೀಮೆಸುಣ್ಣದ ಚೂರು. ನನ್ನನ್ನು ಬೇಟಿ ಅಂತಲೇ ಕರೆಯುತ್ತಿದ್ದರು, ಬೈಯುವಾಗಲೂ ಬೇಟಿಯೇ. ಅವರು ಹೆಂಗಸರ ಮೈಗೆ ಟೇಪು ಹಿಡಿದವರಲ್ಲ. ಆಗಿನ ಪದ್ಧತಿಯೇ ಹಾಗೆ. ರವಿಕೆ ಹೊಲಿಸಬೇಕಾದರೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಬಟ್ಟೆಯ ಜೊತೆ ಕಳಿಸುವುದು, ಸಾಬರು ಅದನ್ನು ಹಲಗೆಯ ಮೇಲೆ ಹರಡಿ ಅದರಂತೆ ಕತ್ತರಿಸುವುದು. ನಮ್ಮ ಕಡೆ ಅದಕ್ಕೆ ಅಳತೆ ಜಾಕೆಟ್ಟು ಅನ್ನುತ್ತೇವೆ. ಒಬ್ಬ ಹೆಂಗಸಿನ ಮುಖ ಒಮ್ಮೆಯೂ ನೋಡದೆ ಇಪ್ಪತ್ತು ವರ್ಷ ಅವಳಿಗೆ ಹೊಲಿದ ಟೈಲರುಗಳಿದ್ದರು.

ಸಾಬರ ಹತ್ತಿರ ಒಂದು ಕಾನೂನಿತ್ತು. ಮುಂದೆ ಬಿಚ್ಚಿ ಸಡಿಲ ಮಾಡಲು ಪಕ್ಕದ ಹೊಲಿಗೆಯಾಚೆ ಒಳಗಡೆ ಒಂದಿಷ್ಟು ಬಟ್ಟೆ ಉಳಿಸಲೇಬೇಕು, ಅದನ್ನು ಅಂದಕ್ಕೋಸ್ಕರ ಕತ್ತರಿಸುವ ಹಾಗಿಲ್ಲ. ನಾನು ಒಮ್ಮೆ ನೀಟಾಗಿರಲಿ ಅಂತ ಎಲ್ಲ ಕತ್ತರಿಸಿ ಅಂಚು ಹೊಲಿದು ಹೆಮ್ಮೆಯಿಂದ ತೋರಿಸಿದೆ. ಅವರು ಆ ದಿನವೆಲ್ಲ ನನ್ನ ಕೈಗೆ ಕತ್ತರಿ ಕೊಡಲಿಲ್ಲ, ಗುಂಡಿ ಹೊಲಿಯಲು ಕೂರಿಸಿದರು.

ಕೈವಾರದ ಕಡೆಯ ಒಬ್ಬ ಮದುಮಗಳ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಒಂಟಿಯಾಗಿ ಹೊಲಿದ ಮೊದಲ ಮದುವೆ ರವಿಕೆ ಅದು. ಹುಡುಗಿ ಅಳತೆಗೆ ಕಳಿಸಿದ್ದು ಯಾವ ಕಾಲದ್ದೋ, ಹೈಸ್ಕೂಲಿನಲ್ಲಿ ಸೀರೆ ಉಡುವ ದಿನ ತೊಟ್ಟದ್ದಿರಬೇಕು. ನಾನು ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ ಅದರಂತೆಯೇ ಹೊಲಿದೆ. ಧಾರೆಯ ಹೊತ್ತಿಗೆ ಹಾರ ಹಾಕಲು ಕೈ ಎತ್ತಲಾಗದೆ ಹುಡುಗಿ ನಿಂತುಬಿಟ್ಟಳಂತೆ, ವರನೇ ಬಗ್ಗಿ ಕುತ್ತಿಗೆ ಕೊಟ್ಟನಂತೆ. ಆಕೆಯ ತಾಯಿ ಅಂಗಡಿಗೆ ಬಂದು ನನ್ನ ಜನ್ಮ ಜಾಲಾಡಿದಳು. ಅವಳು ಹೋದ ಮೇಲೆ ಸಾಬರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ನೀನು ಹೆಣ್ಣು, ನಾನು ಮಾಡಲಾಗದ್ದನ್ನು ನೀನು ಮಾಡಬಹುದು, ಟೇಪು ಹಿಡಿದು ಅಳೆ ಬೇಟಿ ಎಂದರು. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದು ನನ್ನದೇ ಅಂಗಡಿ ಇಟ್ಟಾಗ ನಾನು ಮಾಡಿದ ಮೊದಲ ಬದಲಾವಣೆ ಅದೇ. ಅಳತೆ ಜಾಕೆಟ್ಟು ತನ್ನಿ, ಬೇಡ ಅನ್ನುವುದಿಲ್ಲ, ಆದರೆ ಟೇಪೂ ಹಿಡಿಯುತ್ತೇನೆ.

ಇದಕ್ಕೆ ಎಲ್ಲರಿಗಿಂತ ಹೆಚ್ಚು ಜಗಳ ತೆಗೆದವಳು ಮೇಲೂರಿನ ರತ್ನಮ್ಮ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ, ತುಂಬಿದ ಮನೆ. ಗಂಡ ಮುನಿಶಾಮಪ್ಪನವರು ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವಾಗ ಇವಳೂ ಜೊತೆಗೆ ಬಂದು ನನ್ನ ಅಂಗಡಿಯಲ್ಲಿ ಕೂರುತ್ತಿದ್ದಳು. ಬಾಯಿ ತುಂಬ ಮಾತು, ಮಾತಿಗಿಂತ ನಗು ಹೆಚ್ಚು. ತೊಂಬತ್ತರ ಈಚೆಯ ಮಾತು ಇದು. ಒಂದು ದಿನ ನವಿಲುಬಣ್ಣದ ರವಿಕೆಯೊಂದನ್ನು ಹಲಗೆಯ ಮೇಲೆ ಇಟ್ಟಳು. ಅವಳ ಮದುವೆಯದು. ನನಗೆ ನಗು ಬಂತು. ಆ ರವಿಕೆಯೊಳಗೆ ಆಗಿನ ರತ್ನಮ್ಮನ ಅರ್ಧಭಾಗವೂ ಹಿಡಿಯುತ್ತಿರಲಿಲ್ಲ.

"ಇದೇ ಅಳತೆಗೆ ಹೊಲಿ ಸರೋಜಕ್ಕ. ನೀನು ಹೊಲ್ಯೋ ಹೊತ್ಗೆ ನಾನು ಇಳ್ಕೊಂಡಿರ್ತೀನಿ."

ಟೇಪು ತೆಗೆದರೆ ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಂಡು ನಿಂತಳು, ಬಿಡಿಸಲಾಗಲಿಲ್ಲ. ನನಗೆ ರೇಗಿತು. ಇವತ್ತಿನ ಮೈಗೆ ಹೊಲಿಯುವವಳು ನಾನು, ಮುಂದಿನ ವರ್ಷದ ಮೈಗಲ್ಲ ಎಂದೆ. ಅಷ್ಟು ಹೊತ್ತು ನಗುತ್ತಿದ್ದವಳು ಥಟ್ಟನೆ ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ವಿಷಯ ಹೊರಬಂತು. ಎರಡನೇ ಹೆರಿಗೆಯಾದ ಮೇಲೆ ಹೊಕ್ಕುಳ ಹತ್ತಿರ ಒಂದು ಗಂಟು ಎದ್ದಿತ್ತು, ಹರ್ನಿಯಾ. ಸೊಪ್ಪಿನ ಮಂಕರಿ ಎತ್ತಿದರೆ, ಕೆಮ್ಮಿದರೆ, ನಕ್ಕರೂ ನೋವು. ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಆಪರೇಷನ್ ಮಾಡಲೇಬೇಕು ಎಂದಿದ್ದರು, ಆದರೆ ಈ ಮೈಯಲ್ಲಿ ಮಾಡುವುದಿಲ್ಲ ಅಂತಲೂ ಹೇಳಿದ್ದರು. ಹೊಟ್ಟೆ ಇಷ್ಟು ಬಿಗಿದುಕೊಂಡಿರುವಾಗ ಒಳಗಿನ ಹೊಲಿಗೆ ನಿಲ್ಲದು, ತೂಕ ಇಳಿಸಿ, ಇಳಿಸಿದ್ದನ್ನು ಉಳಿಸಿಕೊಂಡು ಬನ್ನಿ ಎಂದಿದ್ದರು. ಬಿಗಿದ ಬಟ್ಟೆಗೆ ಹಾಕಿದ ಹೊಲಿಗೆ ಬಿಟ್ಟುಕೊಳ್ಳುತ್ತದೆ ಅನ್ನುವುದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವತ್ತು ನಾನು ಅಳತೆ ತೆಗೆಯಲಿಲ್ಲ, ಬಟ್ಟೆ ಎತ್ತಿಟ್ಟೆ.

ತೂಕ ಇಳಿಸುವ ದಾರಿಯನ್ನು ಅವಳಿಗೆ ಹೇಳಿದ್ದು ಬೆಂಗಳೂರಿನ ನಾದಿನಿ. ಆ ಮಹಾತಾಯಿಗೆ ಅದು ಎಲ್ಲಿಂದ ಬಂತೋ. ಮುದ್ದೆ ಮುಟ್ಟಬಾರದು, ಅನ್ನ, ಚಪಾತಿ, ಬೆಲ್ಲ, ಸಕ್ಕರೆ ಮುಟ್ಟಬಾರದು, ಬಾಳೆಹಣ್ಣೂ ಕೂಡದು. ಮೊಟ್ಟೆ, ಕೋಳಿ, ಕುರಿಮಾಂಸ ಎಷ್ಟಾದರೂ ತಿನ್ನು, ಒಂದಿಷ್ಟು ಸೊಪ್ಪು ತಿನ್ನು. ಮುದ್ದೆ ಬಿಟ್ಟರೆ ಊಟವೇ ಅಲ್ಲ ಅನ್ನುವ ಸೀಮೆಯಲ್ಲಿ ರತ್ನಮ್ಮ ಹಿಟ್ಟು ತೊಳಸಿ, ಮನೆಮಂದಿಗೆಲ್ಲ ಮುದ್ದೆ ಕಟ್ಟಿ ಬಡಿಸಿ, ತಾನು ಮೂಲೆಯಲ್ಲಿ ಬೇಯಿಸಿದ ಮೊಟ್ಟೆ ತಿಂದಳು. ಅತ್ತೆ ತೆಲುಗಿನವರು. "ಮುದ್ದ ತಿನಕುಂಡಾ ಎಟ್ಲ ಬತುಕ್ತಾವೇ" ಅಂತ ದಿನವೂ ಕೇಳುತ್ತಿದ್ದರಂತೆ. ಮುದ್ದೆಯಿಲ್ಲದೆ ಹೇಗೆ ಬದುಕುತ್ತೀಯೆ ಅನ್ನುವ ಆ ಮಾತಿಗೆ ಇವಳು ಇನ್ನೊಂದು ಮೊಟ್ಟೆ ಸುಲಿಯುತ್ತಿದ್ದಳಂತೆ.

ತೂಕ ಇಳಿದದ್ದು ಸುಳ್ಳಲ್ಲ. ನನ್ನ ಕಣ್ಣೆದುರೇ ಇಳಿಯಿತು, ಅದೂ ಬಹಳ ಬೇಗ. ಕೆನ್ನೆ ಒಳಗೆ ಹೋಯಿತು, ತೋಳು ಜೋತಿತು. ನನಗೆ ಹೊಟ್ಟೆಕಿಚ್ಚಾಗಿ ನಾನೂ ಮುದ್ದೆ ಬಿಟ್ಟೆ. ಹೊಲಿಗೆ ಮಿಷನ್ನಿನ ಮುಂದೆ ಕೂತು ಕೂತು ನನ್ನ ಸೊಂಟವೂ ಸಾಕಷ್ಟು ಬೆಳೆದಿತ್ತು. ತಲೆನೋವು ಶುರುವಾಯಿತು, ಗಿರಾಕಿಗಳ ಮೇಲೆ ಎಗರಾಡತೊಡಗಿದೆ, ಮಾಮೂಲಿಗಿಂತ ಹೆಚ್ಚಾಗಿ. ಆ ವಾರ ಮುಗಿಯುವುದರೊಳಗೆ ಪಕ್ಕದ ಮನೆಯಿಂದ ಬಸ್ಸಾರಿನ ಒಗ್ಗರಣೆ ವಾಸನೆ ಬಂತು. ನಾನು ಅಂಗಡಿ ಬಾಗಿಲು ಎಳೆದುಕೊಂಡು ಹೋಗಿ, ಅವರ ಮನೆಯಲ್ಲೇ ಕೂತು ಎರಡು ಮುದ್ದೆ ನುಂಗಿದೆ.

ರತ್ನಮ್ಮ ಹಾಗೆ ಬಿಡಲಿಲ್ಲ. ಒಂದು ದಿನ ಮನೆಯಲ್ಲಿದ್ದ ರವಿಕೆಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಗೆದ್ದವಳ ಹಾಗೆ ಬಂದಳು. ಎಲ್ಲವನ್ನೂ ಒಳಗೆ ಹಿಡಿದು ಹೊಲಿಯಬೇಕಂತೆ. ಅದು ಸರಿ. ಆದರೆ ಅಷ್ಟಕ್ಕೆ ಅವಳಿಗೆ ಸಮಾಧಾನವಿಲ್ಲ.

"ಒಳಗಿರೋ ಬಟ್ಟೇನೂ ಕತ್ರಿಸಿ ಬಿಸಾಕು ಸರೋಜಕ್ಕ. ವಾಪಸ್ ಹೋಗೋಕೆ ದಾರೀನೇ ಇರಬಾರ್ದು ನಂಗೆ."

ನಾನು ಆಗುವುದಿಲ್ಲ ಎಂದೆ. ಹಿಡಿದು ಹೊಲಿಯುತ್ತೇನೆ, ಕತ್ತರಿಸುವುದಿಲ್ಲ. ನೀನು ಮತ್ತೆ ದಪ್ಪಗಾಗುತ್ತೀಯ ಅಂತಲ್ಲ, ಯಾರ ರವಿಕೆಯನ್ನೂ ನಾನು ಹಾಗೆ ಕತ್ತರಿಸಿದವಳಲ್ಲ ಎಂದು ಹೇಳಿದೆ. ಅವಳು ಕೇಳಲಿಲ್ಲ. ನಿಂಗೆ ನನ್ನ ಮೇಲೆ ನಂಬಿಕೆಯೇ ಇಲ್ಲ ಅಂದಳು. ನನಗೂ ಸಿಟ್ಟು ಬಂತು, ಹೌದು ಇಲ್ಲ ಎಂದುಬಿಟ್ಟೆ. ಚೀಲ ಎತ್ತಿಕೊಂಡು ಎದುರು ಸಾಲಿನ ಟೈಲರ್ ಹತ್ತಿರ ಹೋದಳು. ಅವನು ಪಾಪ ಗಿರಾಕಿ ಹೇಳಿದ್ದು ಮಾಡುವವನು, ಎಲ್ಲವನ್ನೂ ಕತ್ತರಿಸಿಕೊಟ್ಟ. ಆಮೇಲೆ ಅವಳು ನನ್ನ ಅಂಗಡಿಯ ಮುಂದೆ ಹಾದು ಹೋದರೂ ಒಳಗೆ ತಲೆ ಹಾಕಲಿಲ್ಲ.

ಡಾಕ್ಟರಮ್ಮ ಅವಳನ್ನು ನೋಡಿ ಸಂತೋಷಪಟ್ಟರಂತೆ. ಆದರೆ ಆಪರೇಷನ್ನಿಗೆ ದಿನ ಕೊಡಲಿಲ್ಲ, ಹಬ್ಬಗಳು ಕಳೆಯಲಿ, ಆಗಲೂ ತೂಕ ಹೀಗೇ ಇದ್ದರೆ ಮಾಡೋಣ ಎಂದರಂತೆ. ಅಲ್ಲಿಗೇ ರತ್ನಮ್ಮನ ಎದೆ ಕುಸಿಯಿತು ಅಂತ ಕಾಣುತ್ತದೆ. ಅಷ್ಟು ಹೊತ್ತಿಗೆ ಅವಳ ಪಥ್ಯ ಅವಳನ್ನು ಸಾಕಷ್ಟು ಗೋಳಾಡಿಸಿತ್ತು. ಬೆಳಿಗ್ಗೆ ಹೊಟ್ಟೆ ಸರಿಯಾಗಿ ಹೋಗುತ್ತಿರಲಿಲ್ಲ, ತಿಣುಕಿದರೆ ಗಂಟು ಇನ್ನಷ್ಟು ಉಬ್ಬುತ್ತಿತ್ತು. ಎಲ್ಲರೂ ಒಟ್ಟಿಗೆ ಕೂತು ಉಣ್ಣುವಾಗ ಇವಳೊಬ್ಬಳು ಬೇರೆ. ತಂಗಿಯ ಮಗಳ ಮದುವೆಯಲ್ಲಿ ಒಂದು ಹೋಳಿಗೆ ತಿಂದಳು. ಒಂದು ತಿಂದ ಮೇಲೆ ಎಲ್ಲ ಹಾಳಾಯಿತು, ಇನ್ನೇನು ಅಂತ ಎಲೆ ತುಂಬ ತಿಂದಳು. ಆಮೇಲೆ ನಿಲ್ಲಿಸಲಾಗಲಿಲ್ಲ.

ನನಗೆ ಇದೆಲ್ಲ ಗೊತ್ತಾದದ್ದು ಮುನಿಶಾಮಪ್ಪನವರಿಂದ. ಗೂಡು ಮಾರಿದ ಒಂದು ದಿನ ಅದೇ ಚೀಲವನ್ನು ತಂದು ನನ್ನ ಮುಂದೆ ಇಟ್ಟರು. ಕಮ್ಮಿ ಮಾತಿನ ಮನುಷ್ಯ. ಬಾಗಿಲ ಹೊರಗೇ ನಿಂತು, "ಮನೇಲಿ ಅವ್ಳು ನಗೋದೇ ಬಿಟ್ಬಿಟ್ಟವ್ಳೆ ಸರೋಜಮ್ಮ. ಏನಾನಾ ಮಾಡಿ" ಎಂದರು. ರವಿಕೆಗಳನ್ನು ತಿರುವಿ ನೋಡಿದೆ. ಪಕ್ಕಗಳು ಬಾಯಿ ಬಿಟ್ಟಿದ್ದವು. ಬಿಚ್ಚಿ ಸಡಿಲ ಮಾಡಲು ಒಳಗೆ ದಾರದಷ್ಟೂ ಬಟ್ಟೆಯಿಲ್ಲ. ಸಿಟ್ಟಿನಲ್ಲಿ ಎದುರು ಸಾಲಿನವನಿಗೂ ಬೈದೆ, ಅವಳಿಗೂ ಬೈದೆ, ಆಮೇಲೆ ಒಬ್ಬಳೇ ಕೂತು ಅತ್ತೆ. ಮಾರನೆಯ ದಿನ ಮೇಲೂರಿನ ಬಸ್ಸು ಹತ್ತಿದೆ.

ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಮೈಮೇಲೆ ನೈಟಿ. ಆ ನೈಟಿ ಆಗತಾನೆ ನಮ್ಮ ಕಡೆ ಕಾಲಿಟ್ಟಿತ್ತು. ಹೊಸದಾಗಿ ಕೆಲಸಕ್ಕೆ ಬರುವವರು ನಗಬೇಡಿ, ಟೈಲರುಗಳ ಹೊಟ್ಟೆಗೆ ಹೊಡೆದದ್ದಲ್ಲದೆ ಅದು ಇನ್ನೊಂದು ಅನ್ಯಾಯವನ್ನೂ ಮಾಡಿತು. ರವಿಕೆ ತೊಡುವ ಹೆಂಗಸಿಗೆ ಮೈ ಬಂದರೆ ಕೊಕ್ಕೆ ಹಾಕುವಾಗಲೇ ತಿಳಿಯುತ್ತಿತ್ತು. ನೈಟಿಯೊಳಗೆ ಏನು ಬಂದರೂ ಏನು ಹೋದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವಳ ಮುಖ ನೋಡಿ ಅದನ್ನು ಬಿಟ್ಟೆ. ಸೊಪ್ಪು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ಕೂತಳು.

"ದಿನಾ ದಿನಾ ದಪ್ಪ ಆಗ್ತೈತಕ್ಕ ಈ ಗಂಟು. ಕೊಯ್ಯೋಕೂ ಆಗ್ದೆ, ಇಟ್ಕೊಳ್ಳೋಕೂ ಆಗ್ದೆ ಸಾಯ್ತೀನೇನೋ ಅನ್ಸ್ತೈತೆ. ಆ ಡಾಕ್ಟ್ರಮ್ಮಂಗೆ ಹೆಂಗೆ ಮುಖ ತೋರಿಸ್ಲಿ?"

ನನ್ನ ಜೊತೆ ತೋರಿಸು ನಡಿ ಎಂದೆ. ಬರುವುದಿಲ್ಲ ಅಂದಳು. ಬರದಿದ್ದರೆ ನಿನ್ನ ಹರಿದ ಜಾಕೆಟ್ಟುಗಳನ್ನು ಮೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ತೋರಣ ಕಟ್ಟುತ್ತೇನೆ ಎಂದೆ. ಬಹಳ ದಿನದ ಮೇಲೆ ಒಂಚೂರು ನಕ್ಕಳು, ನಕ್ಕು ನೋವಿಗೆ ಹಲ್ಲು ಕಚ್ಚಿದಳು.

ಚಿಕ್ಕಬಳ್ಳಾಪುರದಲ್ಲಿ ಡಾಕ್ಟರಮ್ಮ ಬೈಯುತ್ತಾರೆ ಅಂತ ನಾವಿಬ್ಬರೂ ಬೆಂಚಿನ ಮೇಲೆ ಹೆದರಿ ಕೂತಿದ್ದೆವು. ಅವರು ಬೈಯಲಿಲ್ಲ. ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ ಹೇಳಿ ಎಂದು ಕೇಳಿದರು. ರತ್ನಮ್ಮ ಮುದ್ದೆಯ ಲೆಕ್ಕವಷ್ಟೇ ಕೊಟ್ಟಳು. ಅವರು ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದರು. ಆಗ ಹೊರಗೆ ಬಂತು. ಹುಳು ನಾಲ್ಕನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದ ಮೇಲೆ, ಅಂದರೆ ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ, ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಎಚ್ಚರವಾಗಿರಲು ಪಾತ್ರೆಗಟ್ಟಲೆ ಸಕ್ಕರೆ ಟೀ, ಜೊತೆಗೆ ಖಾರಬೂಂದಿ, ಬನ್ನು. ಇದನ್ನು ರತ್ನಮ್ಮ ಯಾವತ್ತೂ ತಿನ್ನುವುದು ಅಂತ ಎಣಿಸಿಯೇ ಇರಲಿಲ್ಲ. ಬೆಳೆ ಮೇಲೆ ಬೆಳೆ, ವರ್ಷವೆಲ್ಲ ಹಾಗೆಯೇ ನಡೆದಿತ್ತು.

"ಮುದ್ದೆ ಬಿಟ್ಟು ತೂಕ ಇಳಿಸಿದ್ರಿ, ಅದು ನಿಜ. ಸಾಯೋವರೆಗೂ ಮುದ್ದೆ ಬಿಟ್ಟಿರ್ತೀರಾ ರತ್ನಮ್ಮ?" ಎಂದರು ಡಾಕ್ಟರಮ್ಮ. ಇವಳು ತಲೆ ಅಡ್ಡ ಆಡಿಸಿದಳು. "ಹಾಗಾದ್ರೆ ಸಾಯೋವರೆಗೂ ಮಾಡೋಕಾಗೋದನ್ನ ಹಿಡ್ಕೊಳ್ಳಿ. ನಿಧಾನ ಆದ್ರೂ ಪರ್ವಾಗಿಲ್ಲ, ನಾನೆಲ್ಲೂ ಹೋಗಲ್ಲ."

ಅವರು ಹೇಳಿದ್ದರಲ್ಲಿ ಹೊಸದು ಅನ್ನುವಂಥದ್ದು ಏನೂ ಇರಲಿಲ್ಲ. ಮುದ್ದೆ ತಿನ್ನಿ, ಮುಷ್ಟಿಯಷ್ಟು ಸಾಕು, ಸೊಪ್ಪು ಕಾಳು ಹೆಚ್ಚಾಗಲಿ. ಟೀಗೆ ಸಕ್ಕರೆ ಕಮ್ಮಿ ಮಾಡಿ, ಖಾರಬೂಂದಿ ಮನೆಗೆ ತರಬೇಡಿ. ರಾತ್ರಿ ಸೊಪ್ಪು ಹಾಕುವುದನ್ನು ಮನೆಯವರು ಸರದಿ ಮಾಡಿಕೊಳ್ಳಲಿ, ನೀವು ಮಲಗಿ. ಭಾರ ಎತ್ತಬೇಡಿ, ದಿನಾ ನಡೆಯಿರಿ. ನನಗೆ ಒಳಗೊಳಗೇ ನಿರಾಶೆಯಾಯಿತು. ಇಷ್ಟು ಕೇಳಲು ಚಿಕ್ಕಬಳ್ಳಾಪುರಕ್ಕೆ ಬರಬೇಕಿತ್ತೇ ಅನ್ನಿಸಿತು.

ಕಷ್ಟವಾದದ್ದು ನಡೆಯುವುದು. ಊರಿನ ಹೆಂಗಸು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ಜನ ಬಿಡುತ್ತಾರೆಯೇ? ಮೊದಲ ದಿನವೇ ಯಾರೋ, ಎಮ್ಮೆ ಗಿಮ್ಮೆ ತಪ್ಪಿಸ್ಕೊಂಡೈತಾ ರತ್ನಮ್ಮ ಅಂತ ಕೇಳಿದರಂತೆ. ಇನ್ನೊಬ್ಬಳು ಮನೆಯಲ್ಲಿ ಜಗಳವೇನೋ ಅಂತ ಹಿಂದೆಯೇ ಬಂದಳಂತೆ. ಇವಳು ನಾಚಿಕೆಯಿಂದ ಮನೆಯೊಳಗೆ ಕೂತಳು. ನಾನು ಉಳಿದ ತುಂಡುಬಟ್ಟೆಗಳಿಂದ ಒಂದು ಚೀಲ ಹೊಲಿದು ಕೊಟ್ಟೆ, ಇದನ್ನು ಹಿಡಿದು ನಡೆ ಎಂದೆ. ಕೈಯಲ್ಲಿ ಚೀಲವಿದ್ದರೆ ಅಂಗಡಿಗೆ ಹೊರಟಿದ್ದಾಳೆ ಅಂದುಕೊಂಡು ಯಾರೂ ಕೇಳುವುದಿಲ್ಲ. ಹಾಗೆಯೇ ಆಯಿತು. ಆ ಖಾಲಿ ಚೀಲ ಹಿಡಿದುಕೊಂಡು ಅವಳು ತೋಟದ ತುದಿಯವರೆಗೆ, ಆಮೇಲೆ ಮುಖ್ಯ ರಸ್ತೆಯವರೆಗೆ ದಿನವೂ ನಡೆದಳು. ಸ್ವಲ್ಪ ಕಾಲವಾದ ಮೇಲೆ ಇನ್ನಿಬ್ಬರು ಚೀಲ ಹಿಡಿದು ಜೊತೆಯಾದರು.

ನಾನು ಮಾಡಿದ್ದು ನನ್ನ ಕೆಲಸ. ಅವಳಿಗೆ ಎರಡು ಹೊಸ ರವಿಕೆ ಹೊಲಿದೆ, ಅವತ್ತಿನ ಮೈಗೇ, ಪಕ್ಕದಲ್ಲಿ ಧಾರಾಳ ಬಟ್ಟೆ ಬಿಟ್ಟು. ಅವಳು ಬಂದಾಗಲೆಲ್ಲ ಸಡಿಲ ಕಂಡರೆ ಒಂದು ಸಾಲು ಒಳಗೆ ಹಿಡಿಯುತ್ತಿದ್ದೆ, ಹಳೆಯ ಸಾಲನ್ನು ಬಿಚ್ಚದೆ ಬಿಡುತ್ತಿದ್ದೆ. ನಿಧಾನವೆಂದರೆ ಎಂಥ ನಿಧಾನ! ಎಷ್ಟೋ ತಿಂಗಳು ಒಂದು ದಾರವೂ ಸರಿಯಲಿಲ್ಲ. ಮೊದಲಿನಂತೆ ಕೆನ್ನೆ ಒಳಗೆ ಹೋಗಲಿಲ್ಲ, ಯಾರೂ ಕಂಡು ಹೊಗಳಲಿಲ್ಲ. ನಾನೇ ಬೇಸತ್ತು ಇದು ಆಗದ ಕೆಲಸ ಅಂದುಕೊಂಡದ್ದುಂಟು.

ಸಂಕ್ರಾಂತಿ ಕಳೆದ ಮೇಲೆ ಬಂದವಳ ರವಿಕೆ ಬಿಗಿಯಾಗಿತ್ತು. ಮತ್ತೆ ಅದೇ ಕಥೆ ಶುರುವಾಯಿತಲ್ಲ ಅಂದುಕೊಂಡೆ. ಅವಳು ಸ್ಟೂಲಿನ ಮೇಲೆ ಕೂತು, ಹಬ್ಬದಲ್ಲಿ ಪೊಂಗಲು ಜಾಸ್ತಿ ತಿಂದೆ ಅಂತ ತಾನೇ ಹೇಳಿದಳು. ನಾನು ಒಳಗಿನ ಒಂದು ಸಾಲು ಬಿಚ್ಚಿದೆ. ಹಿಂದಿನ ಸಾಲು ಅಲ್ಲೇ ಇತ್ತು, ರವಿಕೆ ಸರಿಯಾಗಿ ಕೂತಿತು. ಅವಳು ಅಳಲಿಲ್ಲ, ನಾನು ಬೈಯಲಿಲ್ಲ. ಮನೆಗೆ ಹೋಗಿ ಮುಷ್ಟಿಯಷ್ಟು ಮುದ್ದೆ ಉಂಡು ಮಾರನೆಯ ದಿನ ಚೀಲ ಹಿಡಿದು ನಡೆದಳು. ಯುಗಾದಿ ಹೊತ್ತಿಗೆ ಆ ಸಾಲನ್ನು ಮತ್ತೆ ಹಾಕಿದೆ. ಇದು ನಿಲ್ಲುತ್ತದೆ ಅಂತ ನನಗೆ ನಂಬಿಕೆ ಬಂದದ್ದು ಅಂದು.

ಹಬ್ಬಗಳ ಒಂದು ಸುತ್ತು ಪೂರ್ತಿ ಕಳೆದ ಮೇಲೆ ಡಾಕ್ಟರಮ್ಮ ದಿನ ಕೊಟ್ಟರು. ಒಳಗೆ ಕರೆದೊಯ್ಯುವ ಮುಂಚೆ ರತ್ನಮ್ಮ ನನ್ನ ಕೈ ಹಿಡಿದು, ಅವರ ಹೊಲಿಗೆ ನಿಲ್ತೈತಾ ಅಕ್ಕ ಅಂತ ಕೇಳಿದಳು. ಬಟ್ಟೆ ಬಿಗಿಯಾಗಿಲ್ಲ ಕಣೇ, ನಿಲ್ಲುತ್ತೆ ಅಂದೆ. ಹೇಳಿದೆನೇ ಹೊರತು ಹೊರಗೆ ಬೆಂಚಿನ ಮೇಲೆ ಕೂತು ಸೆರಗಿನ ಅಂಚಿನ ದಾರ ಕೀಳುತ್ತಿದ್ದೆ. ಮುನಿಶಾಮಪ್ಪನವರು ಎದುರಿನ ಗೋಡೆ ನೋಡುತ್ತ ನಿಂತೇ ಇದ್ದರು. ಎಲ್ಲ ಸುಸೂತ್ರವಾಗಿ ಆಯಿತು ಅಂತ ಡಾಕ್ಟರಮ್ಮ ಬಂದು ಹೇಳಿದಾಗ ಆ ಮನುಷ್ಯ ನನ್ನ ಮುಂದೆಯೇ ಬಿಕ್ಕಿಬಿಕ್ಕಿ ಅತ್ತರು.

ಆಮೇಲೆ ಅವಳು ಬಹಳ ದಿನ ಬರಲಿಲ್ಲ. ಮೇಲೂರಿನವರು ಬಂದಾಗ ಕೇಳುತ್ತಿದ್ದೆ, ಚೆನ್ನಾಗಿದ್ದಾಳೆ, ಚೀಲ ಹಿಡಿದು ನಡೀತಾಳೆ ಅನ್ನುತ್ತಿದ್ದರು. ಹೊಲಿಗೆ ನಿಂತಿದೆಯೋ ಇಲ್ಲವೋ ಅನ್ನುವುದು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಗೊತ್ತಾಗುವುದಿಲ್ಲ ನೋಡಿ. ನನಗೆ ಒಳಗೊಂದು ಅಳುಕು ಇದ್ದೇ ಇತ್ತು.

ಮರುವರ್ಷ ಗೌರಿ ಹಬ್ಬದ ಮುಂಚೆ, ಅಂಗಡಿ ತುಂಬ ಜನವಿದ್ದಾಗ ಬಂದಳು. ಹೊಸ ಸೀರೆಯ ರವಿಕೆ ಬಟ್ಟೆಯ ಜೊತೆ ಅಳತೆ ಜಾಕೆಟ್ಟು ಇಟ್ಟಳು. ಮದುವೆಯ ನವಿಲುಬಣ್ಣದ್ದಲ್ಲ. ನಾನು ಸಾಲು ಹಾಕಿ ಸಾಲು ಬಿಚ್ಚಿ ಹೊಲಿದಿದ್ದ ಎರಡರಲ್ಲಿ ಒಂದು, ತೊಳೆದು ತೊಳೆದು ಬಣ್ಣ ಬಿಟ್ಟಿತ್ತು. ತಿರುವಿ ನೋಡಿದೆ. ಆಪರೇಷನ್ನಿಗೆ ಮುಂಚೆ ನಾನು ಹಾಕಿದ್ದ ಕೊನೆಯ ಸಾಲು ಹಾಗೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಜನರ ಮುಂದೆ ಅಳಬಾರದು ಅಂತ ರೇಗಿಸಿದೆ. ಈಗಲಾದರೂ ಒಳಗಿನ ಬಟ್ಟೆ ಕತ್ತರಿಸಲೇನೇ, ವರ್ಷವಾಯಿತಲ್ಲ ಎಂದೆ.

"ಬ್ಯಾಡ ಬಿಡಕ್ಕ, ಇರ್ಲಿ. ಹಬ್ಬ ಬರ್ತೈತೆ, ಮದ್ವೆ ಬರ್ತೈತೆ. ಮದ್ವೆ ಜಾಕೆಟ್ಟು ಪೆಟ್ಟಿಗೇಲಿ ಮಡ್ಗಿದೀನಿ. ನನ್ ಅಳತೆ ಇದೇ."

ಇದೇ ಅಳತೆಯಾದರೂ ನಾನು ಟೇಪು ಹಿಡಿಯುವವಳೇ, ಗೊತ್ತಲ್ಲ ಎಂದು ಕತ್ತಿನಿಂದ ಟೇಪು ತೆಗೆದೆ. ನಾನು ಇನ್ನೂ ಹತ್ತಿರ ಹೋಗಿರಲಿಲ್ಲ, ಅಷ್ಟರಲ್ಲೇ ರತ್ನಮ್ಮ ನಗುತ್ತ ಎರಡೂ ಕೈ ಎತ್ತಿ ನಿಂತಿದ್ದಳು.